ಕೊಳವೆಬಾವಿ ನೀರಿನಲ್ಲಿ ಮನೆಯ ಆಕ್ವಾಪೋನಿಕ್ಸ್: ಜೋಡಣೆ ಮತ್ತು ದೋಷ ನಿವಾರಣೆ

ಮೀನಿನ ತೊಟ್ಟಿಯ ನೀರನ್ನು ಗಿಡದ ಮಡಿಗೆ ಹಾಯಿಸಿ, ಅಲ್ಲಿ ಸೋಸಿ ಇಳಿದ ನೀರನ್ನು ಮತ್ತೆ ತೊಟ್ಟಿಗೇ ಬಿಡುವ ವ್ಯವಸ್ಥೆಯೇ ಆಕ್ವಾಪೋನಿಕ್ಸ್. ಮೀನು ಕಿವಿರಿನ ಮೂಲಕ ಹೊರಬಿಡುವ ಅಮೋನಿಯಾವನ್ನು ಮಡಿಯ ಜಲ್ಲಿಕಲ್ಲಿಗೆ ಅಂಟಿಕೊಂಡ ಬ್ಯಾಕ್ಟೀರಿಯಾಗಳು ಮೊದಲು ನೈಟ್ರೈಟ್ ಆಗಿಯೂ ಆಮೇಲೆ ನೈಟ್ರೇಟ್ ಆಗಿಯೂ ಬದಲಿಸುತ್ತವೆ. ನೈಟ್ರೇಟನ್ನು ಗಿಡ ಹೀರಿಕೊಳ್ಳುತ್ತದೆ. ಮೀನು, ಬ್ಯಾಕ್ಟೀರಿಯಾ, ಗಿಡ ಈ ಮೂರೂ ಒಂದೇ ನೀರನ್ನು ಹಂಚಿಕೊಂಡಿರುವುದರಿಂದ ಕೆಟ್ಟದ್ದು ಒಂದು ಕಡೆ, ಲಕ್ಷಣ ತೋರುವುದು ಮತ್ತೊಂದು ಕಡೆ. ಎಲೆ ಹಳದಿಯಾಯಿತೆಂದು ಗೊಬ್ಬರದ ಅಂಗಡಿಗೆ ಓಡುವವರು ಎಡವುವುದು ಇಲ್ಲಿಯೇ. ಆ ಹಳದಿಗೆ ಕಾರಣ ಬಹುಪಾಲು ಬಾವಿಯ ನೀರಿನಲ್ಲಿರುತ್ತದೆ.

ಬೆಂಗಳೂರು, ಕೋಲಾರ, ತುಮಕೂರು ಸೀಮೆಯ ಮನೆಗಳಲ್ಲಿ ಸಾಮಾನ್ಯವಾಗಿ ಕಾಣಸಿಗುವಂಥ ಒಂದು ಜೋಡಣೆಯನ್ನು ಈ ಕೈಪಿಡಿಗೆ ಮಾದರಿಯಾಗಿ ಇಟ್ಟುಕೊಳ್ಳಲಾಗಿದೆ: 500 ಲೀಟರಿನ ತೊಟ್ಟಿ, 30 ಸೆಂಟಿಮೀಟರ್ ಆಳಕ್ಕೆ ಜಲ್ಲಿ ತುಂಬಿದ ಒಂದು ಚದರ ಮೀಟರಿನ ಮಡಿ, ಮಡಿ ತುಂಬಿದಾಗಲೆಲ್ಲ ನೀರನ್ನು ತಾನಾಗಿಯೇ ಎಳೆದು ಖಾಲಿ ಮಾಡುವ ಬೆಲ್ ಸೈಫನ್, ನೀರಿನಲ್ಲಿ ಮುಳುಗಿರುವ ಒಂದು ಪಂಪ್, ಒಂದು ಏರ್ ಪಂಪ್, ಮತ್ತು ಗಡಸು ನೀರಿನ ಕೊಳವೆಬಾವಿ.

ಕಟ್ಟುವಾಗಲೇ ನೋಡಿಕೊಳ್ಳಬೇಕಾದದ್ದು

ಮೊದಲ ಪ್ರಶ್ನೆ ಭಾರದ್ದು. ಜಲ್ಲಿ ಮತ್ತು ನೀರು ಸೇರಿ ಇಂಥ ಒಂದು ಮಡಿ 550 ಕಿಲೋಗೂ ಹೆಚ್ಚು ತೂಗುತ್ತದೆ. 60 ಸೆಂಟಿಮೀಟರ್ ಎತ್ತರಕ್ಕೆ ನೀರು ನಿಂತ ತೊಟ್ಟಿ ಚದರ ಮೀಟರಿಗೆ 600 ಕಿಲೋ ಭಾರ ಹಾಕುತ್ತದೆ. ಜನ ಓಡಾಡುವ ತಾರಸಿಗೆ ಭಾರತೀಯ ಮಾನಕದಲ್ಲಿ ಲೆಕ್ಕ ಹಿಡಿಯುವ ಚಲಭಾರ, ಅಂದರೆ ಜನ, ಸಾಮಾನಿನಂಥ ಬಂದುಹೋಗುವ ಭಾರ, ಚದರ ಮೀಟರಿಗೆ ಸುಮಾರು 150 ಕಿಲೋ ಮಾತ್ರ. ಆದ್ದರಿಂದ ತಾರಸಿಯ ನಟ್ಟನಡುವೆ ತೊಟ್ಟಿ ಇಡುವುದು ಬೇಡ. ನೆಲದ ಮೇಲೆ ಜಾಗವಿದ್ದರೆ ಅಲ್ಲೇ ಇಡಬೇಕು, ಇಲ್ಲವಾದರೆ ತೊಲೆ ಮತ್ತು ಕಂಬ ಕೂಡುವ ಕಡೆಯನ್ನು ಇಂಜಿನಿಯರರಿಂದ ಗುರುತು ಹಾಕಿಸಿಕೊಳ್ಳಬೇಕು.

ಜಲ್ಲಿ 12ರಿಂದ 20 ಮಿಲಿಮೀಟರ್ ಗಾತ್ರದ್ದಿರಲಿ. ನಮ್ಮ ಕಡೆಯ ಕ್ರಷರ್ ಜಲ್ಲಿ ಹೆಚ್ಚಾಗಿ ಗ್ರಾನೈಟ್ ಜಾತಿಯದು, ನೀರಿನ ಗುಣವನ್ನು ಬದಲಿಸುವುದಿಲ್ಲ. ಸಂಶಯವಿದ್ದರೆ ಒಂದು ಹಿಡಿ ಕಲ್ಲಿನ ಮೇಲೆ ವಿನೆಗರ್ ಸುರಿದು ನೋಡಬೇಕು. ಗುಳ್ಳೆ ಏಳುವ ಕಲ್ಲಿನಲ್ಲಿ ಸುಣ್ಣದ ಅಂಶವಿರುತ್ತದೆ, ಅದನ್ನು ಮಡಿಗೆ ತುಂಬಿದರೆ ಪಿಎಚ್ (ನೀರು ಎಷ್ಟು ಆಮ್ಲೀಯ ಅಥವಾ ಕ್ಷಾರೀಯ ಎಂಬುದರ ಅಳತೆ; 7 ತಟಸ್ಥ, ಅದಕ್ಕಿಂತ ಕೆಳಗೆ ಆಮ್ಲೀಯ, ಮೇಲೆ ಕ್ಷಾರೀಯ) ಎಂದಿಗೂ ಇಳಿಯುವುದಿಲ್ಲ. ಕಲ್ಲನ್ನು ತೊಳೆದ ನೀರು ತಿಳಿಯಾಗಿ ಇಳಿಯುವವರೆಗೂ ತೊಳೆಯಲೇಬೇಕು, ಏಕೆಂದರೆ ಉಳಿದುಹೋದ ಕಲ್ಲುಪುಡಿ ಮುಂದೆ ಸೈಫನ್ನಿನ ಬುಡದಲ್ಲಿ ಕೆಸರಾಗಿ ಕೂರುತ್ತದೆ. ಹಿತ್ತಾಳೆಯ ನಲ್ಲಿ, ತಾಮ್ರದ ಕೊಳವೆ, ಸತುವು ಲೇಪಿಸಿದ ತೊಟ್ಟಿ ಇವುಗಳನ್ನು ಈ ನೀರಿನ ಹತ್ತಿರವೂ ಬಿಟ್ಟುಕೊಳ್ಳಬಾರದು. ತಾಮ್ರವೂ ಸತುವೂ ತೀರಾ ಕಡಿಮೆ ಪ್ರಮಾಣದಲ್ಲಿಯೇ ಮೀನಿಗೆ ವಿಷ.

ಮೀನಿನ ಆಯ್ಕೆಯಲ್ಲಿ ಕಾನೂನಿನ ಮಾತೂ ಇದೆ. ಆಫ್ರಿಕನ್ ಕ್ಯಾಟ್‌ಫಿಶ್ ಸಾಕಣೆಗೆ ದೇಶದಲ್ಲಿ ನಿಷೇಧವಿದೆ, ಟಿಲಾಪಿಯಾ ಸಾಕಲು ಅನುಮತಿ ಬೇಕು. ಹೊರದೇಶದ ವಿಡಿಯೋಗಳಲ್ಲಿ ಎಲ್ಲರೂ ಟಿಲಾಪಿಯಾ ಬಿಡುತ್ತಾರೆಂದು ನಾವೂ ಅದನ್ನೇ ಹುಡುಕಬೇಕಾಗಿಲ್ಲ. ಸಾಮಾನ್ಯ ಗೆಂಡೆ, ಕೋಯಿ ಮತ್ತು ಗೋಲ್ಡ್‌ಫಿಶ್‌ಗಳು ಸಣ್ಣ ತೊಟ್ಟಿಯ ಏರಿಳಿತವನ್ನು ತಾಳಿಕೊಳ್ಳುತ್ತವೆ. ಕಾಟ್ಲಾ, ರೋಹುಗಳಿಗೆ 500 ಲೀಟರು ಇಕ್ಕಟ್ಟು.

ನೀರು ತುಂಬಿದ ದಿನವೇ ಮೀನು ಬಿಡುವುದು ಎಲ್ಲಕ್ಕಿಂತ ಸಾಮಾನ್ಯವಾದ ತಪ್ಪು. ಬ್ಯಾಕ್ಟೀರಿಯಾ ನೆಲೆಗೊಳ್ಳಲು ನಾಲ್ಕರಿಂದ ಆರು ವಾರ ಬೇಕು. ಮೀನಿಲ್ಲದೆಯೇ ಅವುಗಳನ್ನು ಬೆಳೆಸಲು ಪ್ರಯೋಗಾಲಯ ದರ್ಜೆಯ ಅಮೋನಿಯಂ ಕ್ಲೋರೈಡ್, ಅಂದರೆ ಶುದ್ಧ ನವಸಾಗರ, ಸಾಕು. ಕಲಾಯಿ ಹಾಕುವವರು ಬಳಸುವ ಒರಟು ನವಸಾಗರದಲ್ಲಿ ಏನೇನು ಬೆರೆತಿರುತ್ತದೋ ಹೇಳಲಾಗದು, ಅದು ಬೇಡ. 500 ಲೀಟರಿಗೆ ಸುಮಾರು 4 ಗ್ರಾಂ ಹಾಕಿದರೆ ಲೀಟರಿಗೆ 2 ಮಿಲಿಗ್ರಾಂ ಅಮೋನಿಯಾ ಸಾರಜನಕ ದೊರೆಯುತ್ತದೆ. ಅಷ್ಟನ್ನೂ ವ್ಯವಸ್ಥೆ ಒಂದು ದಿನದೊಳಗೆ ಅರಗಿಸಿಕೊಂಡು, ಅಮೋನಿಯಾ ಮತ್ತು ನೈಟ್ರೈಟ್ ಎರಡೂ ಸೊನ್ನೆಗೆ ಬಂದು, ನೈಟ್ರೇಟ್ ಮಾತ್ರ ಏರುತ್ತಿದ್ದರೆ ಆಗ ಮೀನು ಬಿಡಬಹುದು.

ಅಳತೆಯ ಕ್ರಮ

ಯಾವ ದೋಷ ಕಂಡರೂ ಏನನ್ನಾದರೂ ಸುರಿಯುವ ಮೊದಲು ಅಳೆಯಬೇಕು, ಅದೂ ಒಂದು ಕ್ರಮದಲ್ಲಿ. ಮೊದಲು ನೀರಿನ ಹರಿವು: ಮಡಿಗೆ ಬೀಳುವ ನೀರನ್ನು 10 ಲೀಟರಿನ ಬಕೆಟ್ಟಿಗೆ ಹಿಡಿದು ಗಡಿಯಾರ ನೋಡಿದರಾಯಿತು. 500 ಲೀಟರಿನ ತೊಟ್ಟಿಯ ನೀರು ಗಂಟೆಗೆ ಒಂದು ಸಲ ಪೂರ್ತಿ ಸುತ್ತಬೇಕಾದರೆ ಬಕೆಟ್ 72 ಸೆಕೆಂಡಿನಲ್ಲಿ ತುಂಬಬೇಕು. ಪಂಪಿನ ಡಬ್ಬಿಯ ಮೇಲೆ ಬರೆದಿರುವ ಹರಿವು ನೀರನ್ನು ಮೇಲಕ್ಕೆತ್ತದೆ ಅಳೆದದ್ದಾಗಿರುವುದರಿಂದ ಅದನ್ನು ನಂಬಿ ಲೆಕ್ಕ ಹಾಕಬಾರದು. ಹರಿವಿನ ನಂತರ ಉಷ್ಣತೆ, ಪಿಎಚ್, ಅಮೋನಿಯಾ, ನೈಟ್ರೈಟ್, ಕೊನೆಗೆ ನೈಟ್ರೇಟ್. ಪಿಎಚ್ ಮತ್ತು ಉಷ್ಣತೆ ತಿಳಿಯದೆ ಅಮೋನಿಯಾದ ಅಂಕಿಗೆ ಅರ್ಥವೇ ಇಲ್ಲ. ಪರೀಕ್ಷಾ ಕಿಟ್ ತೋರಿಸುವುದು ಒಟ್ಟು ಅಮೋನಿಯಾವನ್ನು. ಅದರಲ್ಲಿ ಮೀನಿಗೆ ವಿಷವಾಗುವ ಭಾಗ 25 ಡಿಗ್ರಿ ಉಷ್ಣತೆಯಲ್ಲಿ ಪಿಎಚ್ 7 ಇದ್ದಾಗ ಶೇಕಡಾ ಒಂದಕ್ಕಿಂತಲೂ ಕಡಿಮೆ, ಪಿಎಚ್ 8ರಲ್ಲಿ ಶೇಕಡಾ 5ರ ಆಸುಪಾಸು, 8.4ರಲ್ಲಿ ಶೇಕಡಾ 12ಕ್ಕೂ ಹೆಚ್ಚು. ಕಿಟ್‌ನಲ್ಲಿ ಒಂದೇ ಬಣ್ಣ ತೋರುವ ಎರಡು ತೊಟ್ಟಿಗಳಲ್ಲಿ ಒಂದು ಸುರಕ್ಷಿತ, ಇನ್ನೊಂದು ಮಾರಕ ಆಗಿರುವುದು ಸಾಧ್ಯ.

ದಿನವೂ ಅದೇ ಹೊತ್ತಿಗೆ ಅಳೆಯಬೇಕು ಎಂಬುದೂ ಮುಖ್ಯ. ಹಸಿರು ಪಾಚಿ ಇರುವ ನೀರಿನ ಪಿಎಚ್ ಬೆಳಗ್ಗೆ ಇಳಿದು ಇಳಿಹೊತ್ತಿಗೆ ಏರುತ್ತದೆ. ಒಂದು ದಿನ ಬೆಳಗ್ಗೆ, ಮರುದಿನ ಸಂಜೆ ಅಳೆದವರಿಗೆ ಇಲ್ಲದ ದೋಷವೂ ಕಾಣಿಸುತ್ತದೆ. ತೊಟ್ಟಿಗೆ ನೆರಳುಬಲೆ ಹೊದಿಸಿದರೆ ಪಾಚಿಯ ಕಾಟ ಬಹಳಮಟ್ಟಿಗೆ ತಪ್ಪುತ್ತದೆ.

ಪಿಎಚ್ 8ರಿಂದ ಕೆಳಗೆ ಇಳಿಯದಿದ್ದರೆ

ಕೊಳವೆಬಾವಿ ನೀರು ಬಳಸುವವರ ಅರ್ಧಕ್ಕಿಂತ ಹೆಚ್ಚು ತೊಂದರೆಗಳ ಬೇರು ಇಲ್ಲಿದೆ ಎಂಬುದು ನನ್ನ ಅಭಿಪ್ರಾಯ, ಹಾಗಾಗಿ ಇದನ್ನು ತುಸು ವಿವರವಾಗಿಯೇ ನೋಡಬೇಕು.

ನಲ್ಲಿಯಿಂದ ಆಗಷ್ಟೇ ಹಿಡಿದ ಬಾವಿ ನೀರಿನ ಪಿಎಚ್ ಅಳೆದರೆ ಎಷ್ಟೋ ಸಲ 7ರ ಸಮೀಪ ಬರುತ್ತದೆ. ಅದನ್ನು ನೋಡಿ ನೀರು ಚೆನ್ನಾಗಿದೆ ಎಂದುಕೊಳ್ಳುತ್ತೇವೆ. ಆದರೆ ನೆಲದಾಳದ ನೀರಿನಲ್ಲಿ ಇಂಗಾಲದ ಡೈಆಕ್ಸೈಡ್ ಕರಗಿರುತ್ತದೆ, ಅದು ಪಿಎಚ್ ಅನ್ನು ತಾತ್ಕಾಲಿಕವಾಗಿ ತಗ್ಗಿಸಿ ತೋರಿಸುತ್ತದೆ. ಅದೇ ನೀರನ್ನು ಬಕೆಟ್ಟಿನಲ್ಲಿಟ್ಟು ಒಂದು ರಾತ್ರಿ ಏರ್ ಸ್ಟೋನ್ ಹಾಕಿ ಗಾಳಿಯಾಡಿಸಿದರೆ ಆ ಅನಿಲ ಹಾರಿಹೋಗಿ ಬೆಳಗ್ಗೆ 8.2, 8.4 ಎಂದು ತೋರಿಸುತ್ತದೆ. ತೊಟ್ಟಿಯಲ್ಲಿ ನಿಲ್ಲುವ ನಿಜವಾದ ಪಿಎಚ್ ಇದೇ. ಆದ್ದರಿಂದ ಮೂಲ ನೀರಿನ ಪರೀಕ್ಷೆಯನ್ನು ಗಾಳಿಯಾಡಿಸಿದ ಮೇಲೆಯೇ ಮಾಡಬೇಕು.

ಎರಡನೆಯ ಪ್ರಶ್ನೆ, ಆ ಪಿಎಚ್ ತಾನಾಗಿ ಇಳಿಯುತ್ತದೆಯೇ ಎಂಬುದು. ನೈಟ್ರೀಕರಣ, ಅಂದರೆ ಬ್ಯಾಕ್ಟೀರಿಯಾಗಳು ಅಮೋನಿಯಾವನ್ನು ನೈಟ್ರೇಟ್ ಮಾಡುವ ಕ್ರಿಯೆ, ಆಮ್ಲವನ್ನು ಉಂಟುಮಾಡುತ್ತದೆ, ಹಾಗಾಗಿ ಕಾಲಕ್ರಮೇಣ ಪಿಎಚ್ ಇಳಿಯುತ್ತದೆ ಎಂದು ಎಲ್ಲ ಕಡೆಯೂ ಬರೆದಿರುತ್ತಾರೆ. ಅದು ನಿಜ, ಆದರೆ ನೀರಿನ ಕ್ಷಾರತೆ, ಅಂದರೆ ಆಮ್ಲವನ್ನು ಅರಗಿಸಿಕೊಳ್ಳುವ ಶಕ್ತಿ, ಖರ್ಚಾದ ಮೇಲೆ ಮಾತ್ರ. ಮಾದರಿ ಜೋಡಣೆಯ ಲೆಕ್ಕ ಹಿಡಿಯೋಣ. ಬಾವಿ ನೀರಿನ ಕ್ಷಾರತೆ ಕ್ಯಾಲ್ಸಿಯಂ ಕಾರ್ಬೊನೇಟ್ ಲೆಕ್ಕದಲ್ಲಿ ಲೀಟರಿಗೆ 350 ಮಿಲಿಗ್ರಾಂ ಇದ್ದರೆ 500 ಲೀಟರಿನಲ್ಲಿ 175 ಗ್ರಾಂ ದಾಸ್ತಾನಿರುತ್ತದೆ. ಶೇಕಡಾ 32 ಪ್ರೋಟೀನಿನ ಆಹಾರವನ್ನು ದಿನಕ್ಕೆ 40 ಗ್ರಾಂ ಹಾಕಿದರೆ ಅದರಲ್ಲಿ ಸಾರಜನಕ ಸುಮಾರು 2 ಗ್ರಾಂ, ಅಮೋನಿಯಾ ಆಗಿ ನೀರಿಗೆ ಬರುವುದು 1.2 ಗ್ರಾಂ ಎಂದಿಟ್ಟುಕೊಳ್ಳಬಹುದು. ಒಂದು ಗ್ರಾಂ ಅಮೋನಿಯಾ ಸಾರಜನಕ ನೈಟ್ರೇಟ್ ಆಗಲು 7 ಗ್ರಾಂಗಿಂತ ತುಸು ಹೆಚ್ಚು ಕ್ಷಾರತೆಯನ್ನು ತಿನ್ನುತ್ತದೆ. ಅಂದರೆ ದಿನದ ಖರ್ಚು 9 ಗ್ರಾಂನಷ್ಟು. ಇನ್ನು ಆವಿಯಾದ ನೀರಿನ ಬದಲಿಗೆ ದಿನಕ್ಕೆ 15 ಲೀಟರ್ ಬಾವಿ ನೀರನ್ನೇ ಸುರಿದರೆ 5 ಗ್ರಾಂ ಮರಳಿ ಜಮೆಯಾಗುತ್ತದೆ. ನಿವ್ವಳ ಖರ್ಚು 4 ಗ್ರಾಂ ಕೂಡ ಇಲ್ಲ. 175 ಗ್ರಾಂ ಕರಗಲು ಏಳು ವಾರ ಬೇಕು. ಗಿಡಗಳು ನೈಟ್ರೇಟ್ ಹೀರುವಾಗ ಒಂದಷ್ಟು ಕ್ಷಾರತೆ ನೀರಿಗೆ ವಾಪಸಾಗುವುದರಿಂದ ನಿಜದಲ್ಲಿ ಇನ್ನೂ ತಡವಾಗುತ್ತದೆ. ಏಪ್ರಿಲ್ ಬಿಸಿಲಿನಲ್ಲಿ ದಿನಕ್ಕೆ 25 ಲೀಟರ್ ಸುರಿಯುವ ಹೊತ್ತಿಗೆ ಜಮೆ ಮತ್ತು ಖರ್ಚು ಸರಿಸಮವಾಗಿ, ಪಿಎಚ್ ಜಪ್ಪಯ್ಯ ಎಂದರೂ ಅಲುಗಾಡುವುದಿಲ್ಲ.

ಹೀಗಾಗಿ ಪರಿಹಾರವನ್ನು ತೊಟ್ಟಿಯಲ್ಲಿ ಹುಡುಕದೆ, ದಿನವೂ ಸುರಿಯುವ ನೀರಿನಲ್ಲಿ ಹುಡುಕಬೇಕು. ತಾರಸಿಯ ಮಳೆನೀರನ್ನು ಒಂದು ಡ್ರಮ್ಮಿನಲ್ಲಿ ಹಿಡಿದಿಟ್ಟುಕೊಂಡು ಅದನ್ನೇ ಮೇಲ್ತುಂಬಿಸಲು ಬಳಸಿದರೆ ಮೇಲಿನ ಲೆಕ್ಕದಲ್ಲಿ ಜಮೆಯ ಸಾಲು ಹೆಚ್ಚುಕಡಿಮೆ ಸೊನ್ನೆಯಾಗುತ್ತದೆ, ಮೂರು ವಾರದಲ್ಲಿಯೇ ವ್ಯತ್ಯಾಸ ಕಾಣುತ್ತದೆ. ಕುಡಿಯುವ ನೀರಿನ ಆರ್‌ಒ ಯಂತ್ರ ಹೊರಚೆಲ್ಲುವ ನೀರನ್ನು ಉಳಿತಾಯವೆಂದು ಇಲ್ಲಿಗೆ ಸುರಿಯುವವರಿದ್ದಾರೆ. ಅದರಲ್ಲಿ ಲವಣಗಳು ಇನ್ನೂ ಸಾಂದ್ರವಾಗಿರುತ್ತವೆ, ಅದು ನೆಲ ಒರೆಸಲು ಇರಲಿ. ಮಳೆನೀರು ಸಿಗದಿದ್ದರೆ ಬೇರೆ ಡ್ರಮ್ಮಿನಲ್ಲಿ ಬಾವಿ ನೀರಿಗೆ ಫಾಸ್ಫಾರಿಕ್ ಆಮ್ಲವನ್ನು ಸ್ವಲ್ಪಸ್ವಲ್ಪವೇ ಬೆರೆಸಿ, ರಾತ್ರಿಯಿಡೀ ಗಾಳಿಯಾಡಿಸಿ, ಬೆಳಗ್ಗೆ ಪಿಎಚ್ 6.5ರ ಹತ್ತಿರ ನಿಂತಿದೆಯೆಂದು ಖಚಿತಪಡಿಸಿಕೊಂಡು ಬಳಸಬೇಕು. ಕೈಗವಸು, ಕನ್ನಡಕ ಹಾಕಿಕೊಂಡು, ಆಮ್ಲವನ್ನು ನೀರಿಗೆ ಬೆರೆಸಬೇಕೇ ಹೊರತು ನೀರನ್ನು ಆಮ್ಲಕ್ಕೆ ಸುರಿಯಬಾರದು. ಮೀನಿರುವ ತೊಟ್ಟಿಗೆ ನೇರವಾಗಿ ಆಮ್ಲ ಹಾಕುವುದು, ನಿಂಬೆಹುಳಿ ಪುಡಿ ಹಾಕುವುದು, ಬ್ಯಾಟರಿ ಆಮ್ಲ ತರುವುದು ಈ ಮೂರೂ ಕೂಡದು. ಮೊದಲನೆಯದು ಪಿಎಚ್ ಅನ್ನು ಒಮ್ಮೆಲೆ ಕೆಡವಿ ಮೀನನ್ನು ಬಳಲಿಸುತ್ತದೆ, ಎರಡನೆಯದರ ಪರಿಣಾಮ ಕೆಲವೇ ದಿನದಲ್ಲಿ ಮಾಯವಾಗುತ್ತದೆ, ಮೂರನೆಯದರಲ್ಲಿ ಸೀಸದಂಥ ಲೋಹ ಬೆರೆತಿರುವ ಅಪಾಯವಿದೆ.

ಎಲೆ ಹಳದಿಯಾದಾಗ

ಮೊದಲು ನೋಡಬೇಕಾದದ್ದು ಯಾವ ಎಲೆ ಎಂಬುದನ್ನು. ತುದಿಯ ಎಳೆ ಎಲೆ ಹಳದಿಯಾಗಿ, ನರಗಳು ಮಾತ್ರ ಹಸಿರು ಗೆರೆಗಳಂತೆ ಉಳಿದಿದ್ದರೆ ಅದು ಕಬ್ಬಿಣದ ಕೊರತೆ. ಬುಡದ ಹಳೆಯ ಎಲೆ ಇಡಿಯಾಗಿ ಹಳದಿಗೆ ತಿರುಗಿದರೆ ಸಾರಜನಕ ಸಾಲದು. ಹಳೆಯ ಎಲೆಯ ಅಂಚು ಸುಟ್ಟಂತೆ ಕಂದಿದರೆ ಪೊಟ್ಯಾಸಿಯಂ ಸಾಲದು. ಮೀನಿನ ಆಹಾರದಲ್ಲಿ ಗಿಡಕ್ಕೆ ಬೇಕಾದಷ್ಟು ಕಬ್ಬಿಣವಾಗಲಿ ಪೊಟ್ಯಾಸಿಯಂ ಆಗಲಿ ಇರುವುದಿಲ್ಲವಾದ್ದರಿಂದ ಇವೆರಡು ಕೊರತೆಗಳು ಎಷ್ಟು ಚೆನ್ನಾಗಿ ಕಟ್ಟಿದ ವ್ಯವಸ್ಥೆಯಲ್ಲಿಯೂ ಒಂದಲ್ಲ ಒಂದು ದಿನ ತಲೆಯೆತ್ತುತ್ತವೆ.

ಕಬ್ಬಿಣವೇ ಹೌದೋ ಅಲ್ಲವೋ ಎಂದು ತಿಳಿಯಲು ಒಂದು ಸರಳ ಪರೀಕ್ಷೆಯಿದೆ. ಕಬ್ಬಿಣದ ಕೀಲೇಟನ್ನು (ಕಬ್ಬಿಣ ನೀರಿನಲ್ಲಿ ಕರಗಿಯೇ ಉಳಿಯುವಂತೆ ಹಿಡಿದಿಡುವ ಸಂಯುಕ್ತ) ತೆಳುವಾಗಿ ಕರಗಿಸಿ, ಪಾಲಕ್ ಅಥವಾ ಬಸಳೆಯ ಹಳದಿಯಾದ ಒಂದೇ ಎಲೆಯ ಅರ್ಧಭಾಗಕ್ಕೆ ಕುಂಚದಿಂದ ಸವರಬೇಕು. ವಾರದೊಳಗೆ ಸವರಿದ ಅರ್ಧ ಹಸಿರಾಗುತ್ತ ಬಂದು, ಉಳಿದರ್ಧ ಹಾಗೆಯೇ ಇದ್ದರೆ ರೋಗನಿರ್ಣಯ ಮುಗಿಯಿತು.

ಇಲ್ಲಿಯೂ ಪಿಎಚ್ ಅಡ್ಡ ಬರುತ್ತದೆ. ಗೊಬ್ಬರದ ಅಂಗಡಿಗಳಲ್ಲಿ ಸುಲಭವಾಗಿ ಸಿಗುವ ಇಡಿಟಿಎ ಕೀಲೇಟ್ ಪಿಎಚ್ 6.5 ದಾಟಿದ ನೀರಿನಲ್ಲಿ ಕಬ್ಬಿಣವನ್ನು ಹಿಡಿದಿಟ್ಟುಕೊಳ್ಳಲಾರದು. ಎರಡು ಪೊಟ್ಟಣ ಸುರಿದರೂ ಎಲೆ ಹಸಿರಾಗಲಿಲ್ಲ ಎಂಬ ದೂರಿಗೆ ಕಾರಣ ಇದೇ. ಡಿಟಿಪಿಎ ಕೀಲೇಟ್ 7.5ರವರೆಗೆ ಕೆಲಸ ಮಾಡುತ್ತದೆ, ಅದಕ್ಕಿಂತ ಮೇಲಾದರೆ ಇಡಿಡಿಎಚ್‌ಎ ಬೇಕು. ಶೇಕಡಾ 6 ಕಬ್ಬಿಣವಿರುವ ಇಡಿಡಿಎಚ್‌ಎ ಪುಡಿಯನ್ನು 500 ಲೀಟರಿಗೆ 17 ಗ್ರಾಂ ಹಾಕಿದರೆ ಲೀಟರಿಗೆ 2 ಮಿಲಿಗ್ರಾಂ ಕಬ್ಬಿಣ ದೊರೆಯುತ್ತದೆ. ನೀರು ಕೆಂಪು ಶರಬತ್ತಿನ ಬಣ್ಣಕ್ಕೆ ತಿರುಗುತ್ತದೆ, ಗಾಬರಿಯಾಗಬೇಕಿಲ್ಲ. ಆದರೆ ಆ ಬಣ್ಣ ಪರೀಕ್ಷಾ ಕಿಟ್‌ನ ಬಣ್ಣವನ್ನೂ ಕೆಡಿಸುತ್ತದೆ, ಆದ್ದರಿಂದ ಅಳತೆಗಳನ್ನು ಕಬ್ಬಿಣ ಹಾಕುವ ಮೊದಲೇ ಮುಗಿಸಿಕೊಳ್ಳಬೇಕು.

ಎಲ್ಲ ಎಲೆಗಳೂ ಪೇಲವವಾಗಿ, ನೈಟ್ರೇಟ್ ಸೊನ್ನೆಯ ಹತ್ತಿರ ಇದ್ದರೆ ಸಾಮಾನ್ಯವಾಗಿ ಮೀನಿನ ಆಹಾರ ಗಿಡಗಳಿಗೆ ಸಾಲುತ್ತಿಲ್ಲ ಎಂದರ್ಥ. ಸೊಪ್ಪಿನ ಮಡಿಗೆ ಚದರ ಮೀಟರಿಗೆ ದಿನಕ್ಕೆ 40ರಿಂದ 50 ಗ್ರಾಂ, ಟೊಮೆಟೊದಂಥ ಕಾಯಿ ಬಿಡುವ ಗಿಡಗಳಿಗೆ 50ರಿಂದ 80 ಗ್ರಾಂ ಮೀನಿನ ಆಹಾರ ಬೇಕೆಂಬುದು ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆ 2014ರಲ್ಲಿ ಹೊರತಂದ ಕೈಪಿಡಿಯ ಲೆಕ್ಕ. ಮೀನು ಮರಿಗಳು ಚಿಕ್ಕವಿದ್ದಾಗ ಅಷ್ಟು ತಿನ್ನಲಾರವು, ಆಗ ಮಡಿಯ ಅರ್ಧಕ್ಕೆ ಮಾತ್ರ ಗಿಡ ಹಾಕುವುದೇ ವಿವೇಕ.

ಮೀನು ಮೇಲೆ ಬಂದು ಬಾಯಿ ತೆರೆಯುತ್ತಿದ್ದರೆ

ಇದು ತಡಮಾಡುವಂಥದ್ದಲ್ಲ. ಮೊದಲು ಆಹಾರ ನಿಲ್ಲಿಸಿ, ಇರುವ ಏರ್ ಪಂಪುಗಳನ್ನೆಲ್ಲ ಹಚ್ಚಿ, ಆಮೇಲೆ ಕಾರಣ ಹುಡುಕಬೇಕು. ಬೆಳಗಿನ ಜಾವ ಹೆಚ್ಚಾಗಿ, ಬಿಸಿಲೇರುತ್ತಿದ್ದಂತೆ ಕಡಿಮೆಯಾದರೆ, ಅದರಲ್ಲಿಯೂ ದೊಡ್ಡ ಮೀನುಗಳೇ ಮೊದಲು ಮೇಲೆ ಬಂದರೆ, ಅದು ಆಮ್ಲಜನಕದ ಕೊರತೆ. 30 ಡಿಗ್ರಿಯ ನೀರು ಲೀಟರಿಗೆ 7.5 ಮಿಲಿಗ್ರಾಂಗಿಂತ ಹೆಚ್ಚು ಆಮ್ಲಜನಕವನ್ನು ಹಿಡಿದಿಡಲಾರದು. ರಾತ್ರಿಯಿಡೀ ಮೀನು, ಪಾಚಿ, ಬ್ಯಾಕ್ಟೀರಿಯಾ ಮೂರೂ ಅದನ್ನೇ ಉಸಿರಾಡುತ್ತವೆ.

ದಿನವಿಡೀ ಹೀಗೇ ಇದ್ದು ಮಧ್ಯಾಹ್ನ ಹೆಚ್ಚಾದರೆ ಅಮೋನಿಯಾವನ್ನು ಸಂಶಯಿಸಬೇಕು. ಸತ್ತ ಮೀನಿದ್ದರೆ ಕಿವಿರಿನ ಮುಚ್ಚಳವನ್ನು ಬೆರಳಿನಿಂದ ಎತ್ತಿ ನೋಡಬೇಕು: ಸಹಜವಾಗಿ ರಕ್ತಗೆಂಪಾಗಿರಬೇಕಾದ ಎಸಳುಗಳು ಚಾಕೊಲೇಟಿನಂತೆ ಕಂದುಬಣ್ಣಕ್ಕೆ ತಿರುಗಿದ್ದರೆ ನೈಟ್ರೈಟ್ ರಕ್ತಕ್ಕೆ ಸೇರಿ, ಅದು ಆಮ್ಲಜನಕ ಹೊರುವುದನ್ನು ತಡೆದಿದೆ. ಆಗ ಅಯೋಡಿನ್ ಬೆರೆಸದ ಹರಳುಪ್ಪನ್ನು ಲೀಟರಿಗೆ ಒಂದು ಗ್ರಾಂ ಪ್ರಮಾಣದಲ್ಲಿ, ಅಂದರೆ 500 ಲೀಟರಿಗೆ ಅರ್ಧ ಕಿಲೋ, ಕರಗಿಸಿ ಹಾಕಬೇಕು. ಉಪ್ಪಿನ ಕ್ಲೋರೈಡ್ ಕಿವಿರಿನ ಮೂಲಕ ನೈಟ್ರೈಟ್ ಒಳನುಗ್ಗದಂತೆ ತಡೆಯುತ್ತದೆ. ಉಪ್ಪು ಆವಿಯಾಗಿ ಹೋಗುವುದಿಲ್ಲವಾದ್ದರಿಂದ ಈ ಉಪಾಯವನ್ನು ಪದೇ ಪದೇ ಬಳಸಿದರೆ ಗಿಡಗಳು ಸೊರಗುತ್ತವೆ.

ನೀರು ಬದಲಿಸುವ ಮುನ್ನ ಪಿಎಚ್ ನೋಡಲೇಬೇಕು. ಮಳೆನೀರನ್ನೇ ಬಹುಕಾಲ ಬಳಸಿ, ಕ್ಷಾರತೆ ಪೂರ್ತಿ ಖಾಲಿಯಾದ ತೊಟ್ಟಿಗಳಲ್ಲಿ ಪಿಎಚ್ 6ಕ್ಕಿಂತ ಕೆಳಗಿಳಿದು ಬ್ಯಾಕ್ಟೀರಿಯಾಗಳ ಕೆಲಸ ನಿಂತುಹೋಗಿರುತ್ತದೆ. ಅಮೋನಿಯಾ ಏರುತ್ತಿದ್ದರೂ ಅಂಥ ಆಮ್ಲೀಯ ನೀರಿನಲ್ಲಿ ಅದು ಬಹುಪಾಲು ಅಷ್ಟಾಗಿ ವಿಷವಲ್ಲದ ಅಮೋನಿಯಂ ರೂಪದಲ್ಲಿರುವುದರಿಂದ ಮೀನು ಹೇಗೋ ತಾಳಿಕೊಂಡಿರುತ್ತದೆ. ಅಂಥ ತೊಟ್ಟಿಗೆ ಪಿಎಚ್ 8.3ರ ಬಾವಿ ನೀರನ್ನು ಅರ್ಧಕ್ಕರ್ಧ ಸುರಿದರೆ ಆ ಅಮೋನಿಯಂ ಒಮ್ಮೆಗೇ ವಿಷಕಾರಿ ಅಮೋನಿಯಾ ಆಗಿ, ನೀರು ಬದಲಿಸಿದ ಮರುಗಳಿಗೆಯೇ ಮೀನುಗಳು ಸಾಯತೊಡಗುತ್ತವೆ. ಇಲ್ಲಿ ಸರಿಯಾದ ದಾರಿ ಮೊದಲು ಮಳೆನೀರಿನಿಂದಲೇ ಮೂರನೆಯ ಒಂದು ಭಾಗವನ್ನು ಬದಲಿಸಿ ಅಮೋನಿಯಾ ತಗ್ಗಿಸುವುದು. ಆಮೇಲೆ ಕಪ್ಪೆಚಿಪ್ಪಿನ ಚೂರು ತುಂಬಿದ ಬಟ್ಟೆಯ ಚೀಲವನ್ನು ನೀರು ಬೀಳುವ ಜಾಗದಲ್ಲಿ ತೂಗುಹಾಕಿ ಪಿಎಚ್ ನಿಧಾನವಾಗಿ 6.8ರ ಕಡೆಗೆ ಬರುವಂತೆ ಮಾಡುವುದು. ಮಳೆನೀರು ಬಳಸುವವರು ಇಂಥ ಚೀಲವನ್ನು ಮೊದಲಿನಿಂದಲೇ ಇಟ್ಟುಕೊಂಡಿದ್ದರೆ ಈ ಸ್ಥಿತಿ ಬರುವುದೇ ಇಲ್ಲ. ನಗರಸಭೆಯ ನಲ್ಲಿ ನೀರಾದರೆ ಕ್ಲೋರಿನ್ ಹೋಗಲು ಒಂದು ದಿನ ಗಾಳಿಯಾಡಿಸಿಯೇ ಬಳಸಬೇಕು.

ಸೈಫನ್ನಿನ ತಕರಾರು

ಬೆಲ್ ಸೈಫನ್ನಿನಲ್ಲಿ ಮುಖ್ಯವಾಗಿ ಮೂರು ಭಾಗ: ನೀರು ಇಳಿದುಹೋಗುವ ನಿಲುಗೊಳವೆ, ಅದರ ಮೇಲೆ ಕವಿಚಿದ ಗಂಟೆ (ಬೆಲ್), ಜಲ್ಲಿ ಒಳಬರದಂತೆ ಸುತ್ತ ನಿಲ್ಲಿಸಿದ ರಂಧ್ರಗಳುಳ್ಳ ರಕ್ಷಣಾ ಕೊಳವೆ. ಮಡಿ ತುಂಬಿಯೂ ಸೈಫನ್ ಹಿಡಿಯದೆ, ನಿಲುಗೊಳವೆಯ ಅಂಚಿನಿಂದ ನೀರು ಸಣ್ಣಗೆ ಜಿನುಗುತ್ತಲೇ ಇದ್ದರೆ ಒಳಹರಿವು ಸಾಲುತ್ತಿಲ್ಲ. ಪಂಪಿನ ಜಾಲರಿ ಕಟ್ಟಿಕೊಂಡಿದೆಯೇ ನೋಡಿ, ಬಕೆಟ್ ಅಳತೆಯನ್ನು ಮತ್ತೆ ಮಾಡಬೇಕು. ಹರಿವು ಸರಿಯಿದ್ದೂ ಹಿಡಿಯದಿದ್ದರೆ ಹೊರಗೊಳವೆಯ ತುದಿಗೆ ಒಂದು ಎಲ್ಬೋ ಸೇರಿಸಿದರೆ ಅಲ್ಲಿ ನೀರು ತುಸು ತಡೆದು, ಗಾಳಿಯನ್ನು ಒತ್ತಿ ಹೊರಹಾಕಿ, ಸೈಫನ್ ಶುರುವಾಗುತ್ತದೆ. ಇದಕ್ಕೆ ವಿರುದ್ಧವಾದ ದೋಷದಲ್ಲಿ ಮಡಿ ಖಾಲಿಯಾದ ಮೇಲೂ ಸೈಫನ್ ಕಡಿಯದೆ ಗೊರಗೊರ ಸದ್ದು ಮಾಡುತ್ತ ಬಂದಷ್ಟು ನೀರನ್ನು ಎಳೆಯುತ್ತಲೇ ಇರುತ್ತದೆ. ಒಳಹರಿವು ಹೆಚ್ಚಾಗಿದೆಯೆಂದರ್ಥ, ನಲ್ಲಿಯಿಂದ ಅದನ್ನು ಕುಗ್ಗಿಸಬೇಕು, ಅಥವಾ ಗಂಟೆಯ ಬುಡದಲ್ಲಿ ಗಾಳಿ ನುಗ್ಗಲು ಒಂದು ತೆಳುಗೊಳವೆ ಕೂರಿಸಬೇಕು.

ತಿಂಗಳುಗಟ್ಟಲೆ ಚೆನ್ನಾಗಿ ನಡೆದ ಸೈಫನ್ ಹಠಾತ್ತನೆ ಕೈಕೊಟ್ಟರೆ ಬೇರಿನ ಮೇಲೆಯೇ ಗುಮಾನಿ. ಪುದೀನ ಈ ವಿಷಯದಲ್ಲಿ ಅತಿ ತುಂಟ ಗಿಡ: ಮಡಿಯ ಆ ಮೂಲೆಯಲ್ಲಿ ನೆಟ್ಟರೂ ಬೇರು ಈ ಮೂಲೆಯ ರಕ್ಷಣಾ ಕೊಳವೆಯ ರಂಧ್ರದೊಳಗೆ ಬಂದು ಕೂತಿರುತ್ತದೆ. ಅದನ್ನು ಕುಂಡದಲ್ಲಿಟ್ಟು, ಮಡಿಯಲ್ಲಿ ಒಂದೆಲಗ, ಬಸಳೆ, ಹರಿವೆಗಳನ್ನು ಬೆಳೆಸುವುದು ಮೇಲು.

ಕೊಳೆತ ಮೊಟ್ಟೆಯ ವಾಸನೆ ಬಂದರೆ ಜಲ್ಲಿಯ ತಳದಲ್ಲಿ ಕೆಸರು ಕೂತು ಗಾಳಿಯಾಡದ ಜಾಗ ಆಗಿದೆ. ಆ ಮೂಲೆಯ ಜಲ್ಲಿಯನ್ನು ಮಾತ್ರ ಎತ್ತಿ ತೊಟ್ಟಿಯ ನೀರಿನಲ್ಲಿಯೇ ಜಾಲಿಸಿ, ಕೆಸರುನೀರನ್ನು ಹೊರಗಿನ ಗಿಡಗಳಿಗೆ ಹಾಕಬೇಕು. ಇಡೀ ಮಡಿಯನ್ನು ನಲ್ಲಿ ನೀರಿನಲ್ಲಿ ತೊಳೆದರೆ ಬ್ಯಾಕ್ಟೀರಿಯಾಗಳೂ ಕೊಚ್ಚಿಹೋಗಿ ಮತ್ತೆ ಮೊದಲ ವಾರಕ್ಕೆ ಮರಳಿದಂತಾಗುತ್ತದೆ. ಹೇನು, ಬಿಳಿನೊಣಗಳಿಗೆ ರಾಸಾಯನಿಕವಂತೂ ಬೇಡವೇ ಬೇಡ. ಬೇವಿನ ಎಣ್ಣೆಯೂ ತೊಟ್ಟಿಗೆ ತೊಟ್ಟಿಕ್ಕಿದರೆ ಮೀನಿಗೆ ಅಪಾಯವೇ. ಎಲೆಯ ಅಡಿಭಾಗಕ್ಕೆ ಬೆಳಗ್ಗೆ ಜೋರಾಗಿ ನೀರು ಸಿಂಪಡಿಸಿ ಉದುರಿಸುವುದು, ಹೆಚ್ಚಾದ ಎಲೆಯನ್ನು ಕಿತ್ತು ಹಾಕುವುದು ಇಷ್ಟೇ ನಿರಪಾಯ.

ಕರೆಂಟ್ ಹೋದಾಗ ನೀರಿನ ಪಂಪಿಗಿಂತ ಏರ್ ಪಂಪ್ ಮುಖ್ಯ. ಮನೆಯ ಯುಪಿಎಸ್‌ನಿಂದ ಒಂದು ಸಾಲನ್ನು ಏರ್ ಪಂಪಿಗೆ ಮಾತ್ರ ಎಳೆಸಬೇಕು, ಅಥವಾ ಬ್ಯಾಟರಿಯ ಏರ್ ಪಂಪೊಂದನ್ನು ಇಟ್ಟುಕೊಳ್ಳಬೇಕು. ಏರ್ ಪಂಪನ್ನು ನೀರಿನ ಮಟ್ಟಕ್ಕಿಂತ ಮೇಲೆಯೇ ಇಡಬೇಕು, ಇಲ್ಲದಿದ್ದರೆ ಅದು ನಿಂತಾಗ ನೀರು ಕೊಳವೆಯಲ್ಲಿ ಹಿಮ್ಮುಖವಾಗಿ ಹರಿದು ಪಂಪಿನೊಳಗೇ ಇಳಿಯುತ್ತದೆ. ಕರೆಂಟ್ ಬಹಳ ಹೊತ್ತು ಇಲ್ಲದಿದ್ದ ದಿನ, ಅದು ಮರಳಿದ ಮೇಲೂ ಸಂಜೆಯ ಆಹಾರವನ್ನು ಬಿಟ್ಟುಬಿಡುವುದು ಒಳ್ಳೆಯದು.